ಸರಾಸರಿಯ ಮನೆಯೂ ನಮ್ಮ ಮನೆಯೂ

(ಪಾಲಕರ ವಾರ್ಷಿಕ ಸಮ್ಮೇಳನದಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ಪ್ರತಿವರ್ಷವೂ ಹತ್ತನೆಯ ತರಗತಿಯ ಫಲಿತಾಂಶ ಹೊರಬಿದ್ದೊಡನೆ ಪಾಲಕರು ಶಾಲೆಗೆ ಬಂದು ಒಂದು ಪ್ರಶ್ನೆಯನ್ನು ಕೇಳುವುದು ರೂಢಿಯಾಗಿದೆ. “ಗುರುಗಳೇ, ಮಗನನ್ನು ಪುಣೆಗೆ ಕಳುಹಿಸೋಣವೇ? ಅಲ್ಲಿ ಸಂಬಳ ಇಲ್ಲಿಗಿಂತ ಒಂದೂವರೆ ಪಟ್ಟು ಎನ್ನುತ್ತಾರೆ.” ಕೆಲವರು ಮುಂಬಯಿಯ ಮಾತನ್ನಾಡುತ್ತಾರೆ, ಭಾಷೆಯ ಸೆಳೆತದಿಂದ ಕೆಲವರು ಬೆಂಗಳೂರಿನ ಮಾತನ್ನಾಡುತ್ತಾರೆ. ಇನ್ನು ಕೆಲವರು, “ನಾವೆಲ್ಲರೂ ಮನೆ ಕಟ್ಟಿಕೊಂಡು ಹೊರಡುತ್ತೇವೆ, ಇಲ್ಲಿಯ ಮನೆಯನ್ನು ಮಾರಿಬಿಡುವ ಯೋಚನೆಯಿದೆ” ಎಂದು ದಾಖಲೆಪತ್ರ ಕೇಳಲು ಬರುತ್ತಾರೆ. ಹೋಗಬೇಡಿರೆಂದು ಹೇಳುವ ಅಧಿಕಾರ ಶಾಲೆಗಿಲ್ಲ; ದುಡಿಮೆಯನ್ನು ಅರಸಿ ಹೋಗುವುದು ತಪ್ಪೂ ಅಲ್ಲ. ಆದರೆ ಹೊರಡುವ ಮುನ್ನ ಮಾಡತಕ್ಕ ಒಂದು ಲೆಕ್ಕವಿದೆ. ಅದು ಮನೆಯ ಲೆಕ್ಕ. ಸಂಬಳದ ಅಂಕಿಯನ್ನು ಎಲ್ಲರೂ ಕೇಳುತ್ತಾರೆ. ಆ ಸಂಬಳದಿಂದ ತಲೆಯ ಮೇಲೊಂದು ಸೂರು ಪಡೆಯಲು ಎಷ್ಟು ಸಲ್ಲಬೇಕೆಂಬುದನ್ನು ಕೇಳುವವರು ಕಡಿಮೆ. ಆದಕಾರಣ ಊರೂರಿನ ಮನೆಯ ವೆಚ್ಚವನ್ನು ದೇಶದ ಸರಾಸರಿಯೊಡನೆ ಹೋಲಿಸುವುದು ಹೇಗೆ, ಆ ಹೋಲಿಕೆಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ಇಂದಿನ ಭಾಷಣದ ವಿಷಯವಾಗಿ ಎತ್ತಿಕೊಂಡಿದ್ದೇನೆ.

ಮೊದಲು ಸರಾಸರಿ ಎಂದರೇನು ಎಂಬುದನ್ನು ನೋಡೋಣ. ಏಳನೆಯ ತರಗತಿಯ ಬಾಲಕನೂ ಇದನ್ನು ಬಲ್ಲನು: ಎಲ್ಲವನ್ನೂ ಕೂಡಿಸಿ, ಸಂಖ್ಯೆಯಿಂದ ಭಾಗಿಸಿದರೆ ಬರುವುದು ಸರಾಸರಿ. ಒಂದು ಓಣಿಯಲ್ಲಿ ಐದು ಬಾಡಿಗೆಯ ಮನೆಗಳಿವೆಯೆಂದು ಭಾವಿಸೋಣ. ಅವುಗಳ ತಿಂಗಳ ಬಾಡಿಗೆ 2,000, 3,000, 3,000, 4,000 ಮತ್ತು 28,000 ರೂಪಾಯಿ. ಒಟ್ಟು 40,000, ಐದರಿಂದ ಭಾಗಿಸಿದರೆ 8,000. ಈ ಓಣಿಯ ಸರಾಸರಿ ಬಾಡಿಗೆ ಎಂಟು ಸಾವಿರವೆಂದು ಪತ್ರಿಕೆಯಲ್ಲಿ ಅಚ್ಚಾದರೆ ಅದು ಸುಳ್ಳಲ್ಲ. ಆದರೂ ಎಂಟು ಸಾವಿರ ಕೊಡುವವನು ಆ ಓಣಿಯಲ್ಲಿ ಒಬ್ಬನೂ ಇಲ್ಲ! ನಾಲ್ವರು ಅದಕ್ಕಿಂತ ಬಹಳ ಕಡಿಮೆ ಕೊಡುತ್ತಾರೆ, ಒಬ್ಬನು ಬಹಳ ಹೆಚ್ಚು ಕೊಡುತ್ತಾನೆ. ಬಾಡಿಗೆಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ ನಡುವಿನದನ್ನು ತೆಗೆದುಕೊಂಡರೆ 3,000 ಬರುತ್ತದೆ. ಇದಕ್ಕೆ ನಾವು ಗಣಿತದಲ್ಲಿ ಮಧ್ಯಾಂಕ ಎನ್ನುತ್ತೇವೆ. ಬಡವರೂ ಸಿರಿವಂತರೂ ಕೂಡಿ ವಾಸಿಸುವ ಊರಿನಲ್ಲಿ ಸಾಮಾನ್ಯ ಸಂಸಾರದ ಸ್ಥಿತಿಯನ್ನು ತಿಳಿಸುವಲ್ಲಿ ಸರಾಸರಿಗಿಂತ ಮಧ್ಯಾಂಕವೇ ಹೆಚ್ಚು ನಂಬಿಕಸ್ಥ. ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗುವುದು.

ಈಗ ನಮ್ಮ ದೇಶದ ಅಂಕಿಗೆ ಬರೋಣ. ಕೇಂದ್ರ ಸರಕಾರದ ಅಂಕಿಸಂಖ್ಯೆಯ ಇಲಾಖೆಯವರು 2023-24ರಲ್ಲಿ ಕುಟುಂಬಗಳ ಅನುಭೋಗ ವೆಚ್ಚದ ಸಮೀಕ್ಷೆಯನ್ನು ನಡೆಸಿದರು. ಅದರಂತೆ ನಗರವಾಸಿಯಾದ ಒಬ್ಬ ವ್ಯಕ್ತಿಯ ತಿಂಗಳ ಸರಾಸರಿ ವೆಚ್ಚ 6,996 ರೂಪಾಯಿ. ಅದರಲ್ಲಿ ಬಾಡಿಗೆಯ ಪಾಲು ಶೇಕಡಾ 6.58. ಗುಣಿಸಿ ನೋಡಿದರೆ ತಲೆಗೆ ಸುಮಾರು 460 ರೂಪಾಯಿ. ಐವರ ಸಂಸಾರಕ್ಕೆ ಸುಮಾರು 2,300 ರೂಪಾಯಿ. ಪಾಲಕರೇ, ಪುಣೆಯಲ್ಲಿಯೋ ಬೆಂಗಳೂರಿನಲ್ಲಿಯೋ ಐದು ಜನರಿರುವ ಸಂಸಾರಕ್ಕೆ 2,300 ರೂಪಾಯಿಗೆ ಯಾರಾದರೂ ಮನೆ ಕೊಡುವರೇ? ನಮ್ಮ ಸೊಲ್ಲಾಪುರದಲ್ಲಿಯೇ ಒಂದು ಒಳ್ಳೆಯ ಮನೆ ಆ ಬಾಡಿಗೆಗೆ ಸಿಕ್ಕುವುದು ಕಷ್ಟ. ಹಾಗಾದರೆ ಸರಕಾರದ ಲೆಕ್ಕ ತಪ್ಪೇ? ತಪ್ಪಲ್ಲ. ಆ ಸರಾಸರಿಯಲ್ಲಿ ಬಾಡಿಗೆಯನ್ನೇ ಕೊಡದವರೂ ಸೇರಿದ್ದಾರೆ.

2011ರ ಜನಗಣತಿಯಂತೆ ನಗರಗಳ ನೂರು ಕುಟುಂಬಗಳಲ್ಲಿ ಸುಮಾರು 69 ಸ್ವಂತ ಮನೆಯಲ್ಲಿದ್ದವು. 27 ಅಥವಾ 28 ಕುಟುಂಬಗಳು ಬಾಡಿಗೆಯ ಮನೆಯಲ್ಲಿದ್ದವು. ಈಗ ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳಿರಿ. ನೂರು ಕುಟುಂಬಗಳಲ್ಲಿ 28 ಕುಟುಂಬಗಳು ತಿಂಗಳಿಗೆ 8,000 ರೂಪಾಯಿ ಬಾಡಿಗೆ ಕೊಡುತ್ತವೆ, ಉಳಿದ 72 ಏನೂ ಕೊಡುವುದಿಲ್ಲ. ಒಟ್ಟು 2,24,000, ನೂರರಿಂದ ಭಾಗಿಸಿದರೆ 2,240. ನೋಡಿರಿ, ಸರಾಸರಿ ಎರಡು ಸಾವಿರದ ಆಸುಪಾಸಿಗೆ ಇಳಿಯಿತು. ಬಾಡಿಗೆದಾರನ ಕೈಯಿಂದ ಹೋಗುವುದು ಎಂಟು ಸಾವಿರ, ಸ್ವಂತ ಮನೆಯವನ ಕೈಯಿಂದ ಹೋಗುವುದು ಸೊನ್ನೆ. ಪುಸ್ತಕದಲ್ಲಿ ಅಚ್ಚಾಗುವುದು 2,240. ನಿಮ್ಮ ಮಗನು ಪರಸ್ಥಳಕ್ಕೆ ಹೋದ ದಿನವೇ ಸೊನ್ನೆಯವರ ಗುಂಪನ್ನು ಬಿಟ್ಟು ಎಂಟು ಸಾವಿರದವರ ಗುಂಪನ್ನು ಸೇರುತ್ತಾನೆ. ಆಗ ದೇಶದ ಸರಾಸರಿ ಅವನಿಗೆ ಯಾವ ಉಪಯೋಗಕ್ಕೂ ಬಾರದು.

ಇದಕ್ಕೆ ಇನ್ನೊಂದು ಸಾಕ್ಷಿಯಿದೆ. ಬೆಲೆಗಳ ಏರಿಳಿತವನ್ನು ಅಳೆಯಲು ಸರಕಾರವು 2012ನ್ನು ಆಧಾರ ವರ್ಷವಾಗಿ ಹಿಡಿದು ರಚಿಸಿದ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ನಗರದ ಸಂಸಾರಕ್ಕೆ ವಸತಿಯ ತೂಕವನ್ನು ನೂರಕ್ಕೆ 21.67 ಎಂದು ಇಟ್ಟಿದ್ದರು. ಒಂದೇ ವಿಷಯಕ್ಕೆ ಒಂದು ಕಡೆ ಆರೂವರೆ, ಇನ್ನೊಂದು ಕಡೆ ಇಪ್ಪತ್ತೊಂದೂವರೆಗೂ ಹೆಚ್ಚು! ಈ ಅಂತರಕ್ಕೆ ಮುಖ್ಯ ಕಾರಣ ಸ್ವಂತ ಮನೆಯೇ. ಮೊದಲನೆಯ ಲೆಕ್ಕದಲ್ಲಿ ಕೈಯಿಂದ ನಿಜವಾಗಿ ಕೊಟ್ಟ ಬಾಡಿಗೆಯನ್ನು ಮಾತ್ರ ಹಿಡಿದಿದ್ದಾರೆ. ಎರಡನೆಯದರಲ್ಲಿ ಸ್ವಂತ ಮನೆಯಲ್ಲಿರುವವನು ಅದೇ ಮನೆಗೆ ಬಾಡಿಗೆ ಕೊಡಬೇಕಾಗಿದ್ದರೆ ಎಷ್ಟಾಗುತ್ತಿತ್ತೆಂಬುದನ್ನೂ ಊಹಿಸಿ ಸೇರಿಸಿದ್ದಾರೆ. ಆ ಸೂಚ್ಯಂಕದಲ್ಲಿ ಹಳ್ಳಿಗಳ ಮನೆಗಳಿಗೆ ತೂಕವನ್ನೇ ಕೊಟ್ಟಿರಲಿಲ್ಲ ಎಂಬುದನ್ನೂ ನಮ್ಮ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ತಾಲೂಕುಗಳ ಪಾಲಕರು ಗಮನಿಸಬೇಕು. ಇದರಿಂದ ಕಲಿಯತಕ್ಕ ಪಾಠವೇನು? ಅಜ್ಜನು ಕಟ್ಟಿಸಿದ ಎರಡು ಅಂಕಣದ ಮನೆಯಾದರೂ ಸರಿಯೇ, ಅದು ಪ್ರತಿ ತಿಂಗಳೂ ನಿಮಗೆ ಒಂದು ಮೊತ್ತವನ್ನು ಉಳಿಸಿಕೊಡುತ್ತಿದೆ. ಆ ಉಳಿತಾಯ ಯಾವ ಸಂಬಳದ ಚೀಟಿಯಲ್ಲಿಯೂ ಕಾಣುವುದಿಲ್ಲ. ಕಾಣುವುದಿಲ್ಲವಾದ್ದರಿಂದಲೇ ಅದನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಊರಿನಿಂದ ಊರಿಗೆ ಮನೆಯ ವೆಚ್ಚ ಬೇರೆಯೆಂಬುದನ್ನು ಸರಕಾರವೂ ಒಪ್ಪಿಕೊಂಡಿದೆ. ಕೇಂದ್ರ ಸರಕಾರವು ತನ್ನ ನೌಕರರಿಗೆ ಮನೆ ಬಾಡಿಗೆಯ ಭತ್ಯೆ ಕೊಡುವಾಗ ನಗರಗಳನ್ನು ಎಕ್ಸ್, ವಾಯ್, ಝಡ್ ಎಂದು ಮೂರು ವರ್ಗಗಳಾಗಿ ವಿಂಗಡಿಸಿದೆ. ಐವತ್ತು ಲಕ್ಷ ಮತ್ತು ಅದಕ್ಕೂ ಹೆಚ್ಚು ಜನಸಂಖ್ಯೆಯ ನಗರಗಳು ಮೊದಲನೆಯ ವರ್ಗಕ್ಕೆ, ಐದು ಲಕ್ಷದಿಂದ ಐವತ್ತು ಲಕ್ಷದೊಳಗಿನವು ಎರಡನೆಯದಕ್ಕೆ, ಉಳಿದೆಲ್ಲವೂ ಮೂರನೆಯದಕ್ಕೆ ಸಲ್ಲುತ್ತವೆ. ಮುಂಬಯಿ, ಪುಣೆ, ಬೆಂಗಳೂರು, ಹೈದರಾಬಾದುಗಳು ಮೊದಲನೆಯ ವರ್ಗದಲ್ಲಿವೆ. 2011ರ ಜನಗಣತಿಯಲ್ಲಿ ಸುಮಾರು ಒಂಬತ್ತೂವರೆ ಲಕ್ಷ ಜನರಿದ್ದ ನಮ್ಮ ಸೊಲ್ಲಾಪುರವೂ, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರ್ಗಿಗಳೂ ಎರಡನೆಯದರಲ್ಲಿವೆ. ಅಕ್ಕಲಕೋಟೆ, ಜತ್ತ ಮುಂತಾದ ಊರುಗಳು ಮೂರನೆಯದರಲ್ಲಿ. ಏಳನೆಯ ವೇತನ ಆಯೋಗದ ತರುವಾಯ 2017ರ ಜುಲೈಯಿಂದ ಈ ಭತ್ಯೆಯನ್ನು ಮೂಲವೇತನದ ಶೇಕಡಾ 24, 16 ಮತ್ತು 8 ಎಂದು ನಿಶ್ಚಯಿಸಿದರು. ತುಟ್ಟಿಭತ್ಯೆ ಶೇಕಡಾ ಐವತ್ತಕ್ಕೆ ಮುಟ್ಟಿದಾಗ, ಅಂದರೆ 2024ರ ಜನವರಿಯಿಂದ, ಅದು 30, 20 ಮತ್ತು 10ಕ್ಕೆ ಏರಿತು. ಆ ಆಯೋಗದಂತೆ ಅತಿ ಕಡಿಮೆಯ ಮೂಲವೇತನ 18,000 ರೂಪಾಯಿ. ಆದುದರಿಂದ ಒಂದೇ ಕೆಲಸ ಮಾಡುವ ನೌಕರನಿಗೆ ಮುಂಬಯಿಯಲ್ಲಿ 5,400, ಸೊಲ್ಲಾಪುರದಲ್ಲಿ 3,600, ಅಕ್ಕಲಕೋಟೆಯಲ್ಲಿ 1,800 ರೂಪಾಯಿ ಭತ್ಯೆ.

ಇದು ದೇಶದ ಒಂದು ಸರಾಸರಿಗಿಂತ ಮೇಲಾದ ಅಳತೆಗೋಲು. ಏಕೆಂದರೆ ಇದು ಊರಿನ ಗಾತ್ರವನ್ನು ಕಣ್ಣಿಟ್ಟು ನೋಡುತ್ತದೆ. ಆದರೂ ಇದರಲ್ಲಿ ಎರಡು ಕೊರತೆಗಳಿವೆ. ಒಂದು, ಮುಂಬಯಿಯೂ ಪುಣೆಯೂ ಒಂದೇ ವರ್ಗ, ಆದರೆ ಎರಡರ ಬಾಡಿಗೆಯೂ ಒಂದೇ ಅಲ್ಲ. ಮುಂಬಯಿಯ ಒಳಗೇ ದಕ್ಷಿಣ ತುದಿಗೂ ಉತ್ತರದ ಉಪನಗರಕ್ಕೂ ಅಜಗಜಾಂತರ. ಎರಡು, ಭತ್ಯೆಯ ನಡುವಿನ ಅಂತರ ಮೂರು ಪಟ್ಟು. ಮುಂಬಯಿಗೂ ಅಕ್ಕಲಕೋಟೆಗೂ ಇರುವ ಬಾಡಿಗೆಯ ಅಂತರ ಮೂರು ಪಟ್ಟಿನಲ್ಲಿ ನಿಲ್ಲುವುದಿಲ್ಲ. ಸರಕಾರಿ ನೌಕರನಿಗಾದರೂ ಈ ಭತ್ಯೆಯ ಆಸರೆಯಿದೆ. ಖಾಸಗಿ ಕಾರಖಾನೆಯಲ್ಲಿಯೋ ಅಂಗಡಿಯಲ್ಲಿಯೋ ದುಡಿಯುವ ನಮ್ಮ ಹುಡುಗನಿಗೆ ಅದೂ ಇಲ್ಲ. ಅವನ ಲೆಕ್ಕವನ್ನು ಅವನೇ ಮಾಡಿಕೊಳ್ಳಬೇಕು.

ಇಟ್ಟಿಗೆ, ಸಿಮೆಂಟು, ಕಬ್ಬಿಣ ಎಲ್ಲ ಊರುಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ಬೆಲೆಗೆ ಸಿಗುವಾಗ ಮನೆಯ ಬೆಲೆ ಮಾತ್ರ ಏಕೆ ಇಷ್ಟು ಬೇರೆ? ಉತ್ತರವು ನೆಲದಲ್ಲಿದೆ. ಬಟ್ಟೆಯನ್ನು ಸೊಲ್ಲಾಪುರದಲ್ಲಿ ನೇಯ್ದು ಮುಂಬಯಿಗೆ ಕಳುಹಿಸಬಹುದು, ನೆಲವನ್ನು ಕಳುಹಿಸಲಾಗದು. ಎಲ್ಲಿ ದುಡಿಮೆ ಕಲೆತಿದೆಯೋ ಅಲ್ಲಿಯ ನೆಲಕ್ಕೆ ಜನ ಮುಗಿಬೀಳುತ್ತಾರೆ. ಮುಂಬಯಿ ಸಮುದ್ರದ ನಡುವೆ ಚಾಚಿದ ಇಕ್ಕಟ್ಟಾದ ನೆಲ. ಅದು ಅಗಲವಾಗಿ ಹರಡಲು ಎಡೆಯಿಲ್ಲ. 1854ರಲ್ಲಿ ಮೊದಲ ಹತ್ತಿಗಿರಣಿಗೆ ಅಲ್ಲಿ ಅಸ್ತಿಭಾರ ಬಿದ್ದ ಮೇಲೆ ಜನರು ಸಾವಿರಗಟ್ಟಲೆ ಬಂದರು; ಒಂದೊಂದು ಕೋಣೆಯ ಚಾಳುಗಳಲ್ಲಿ ತುಂಬಿಕೊಂಡರು. 1896ರಲ್ಲಿ ಪ್ಲೇಗು ಹಬ್ಬಿದಾಗ ಈ ಇಕ್ಕಟ್ಟಿನ ಅಪಾಯ ಎಲ್ಲರಿಗೂ ತಿಳಿಯಿತು. 1898ರಲ್ಲಿ ನಗರ ಸುಧಾರಣಾ ಟ್ರಸ್ಟು ಸ್ಥಾಪಿತವಾಗಿ ಹೊಸ ರಸ್ತೆಗಳೂ ಚಾಳುಗಳೂ ಆದವು. ಆದರೂ ಬರುವವರ ಸಂಖ್ಯೆಗೆ ಮನೆಗಳ ಸಂಖ್ಯೆ ಸಾಟಿಯಾಗಲೇ ಇಲ್ಲ.

ಬಾಡಿಗೆಯನ್ನು ಕಾಯಿದೆಯಿಂದ ಹಿಡಿದು ನಿಲ್ಲಿಸುವ ಪ್ರಯತ್ನವೂ ನಡೆಯಿತು. 1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯಿದೆ ಹಳೆಯ ಮನೆಗಳ ಬಾಡಿಗೆಯನ್ನು 1940ರ ಸೆಪ್ಟೆಂಬರಿನ ಮಟ್ಟಕ್ಕೆ ಕಟ್ಟಿಹಾಕಿತು. ಯುದ್ಧಾನಂತರದ ತುಟ್ಟಿಯಲ್ಲಿ ಬಡ ಬಾಡಿಗೆದಾರನಿಗೆ ಅದು ದೊಡ್ಡ ಆಸರೆಯಾಯಿತು. ಆದರೆ ದಶಕಗಳು ಉರುಳಿದರೂ ಬಾಡಿಗೆ ಏರಲಿಲ್ಲ. ಮಾಲಿಕನು ದುರಸ್ತಿಯನ್ನು ಬಿಟ್ಟನು. ಹೊಸಬನಿಗೆ ಮನೆ ಬೇಕಾದರೆ ಪಗಡಿಯೆಂದು ಮುಂಗಡ ದೊಡ್ಡ ಮೊತ್ತವನ್ನು ಕೊಡಬೇಕಾಯಿತು. ಬಾಡಿಗೆಯನ್ನು ಹೀಗೆ ಹೆಪ್ಪುಗಟ್ಟಿಸಿಡುವುದು ಕಾಲಾಂತರದಲ್ಲಿ ನ್ಯಾಯಸಮ್ಮತವಾಗಿ ಉಳಿದಿಲ್ಲವೆಂದು 1997ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಭಿಪ್ರಾಯಪಟ್ಟಿತು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ 2000ದ ಮಾರ್ಚ್ 31ರಿಂದ ಜಾರಿಗೆ ಬಂದಿತು. ಈ ಇತಿಹಾಸದ ಫಲವಾಗಿ ಒಂದೇ ಕಟ್ಟಡದ ಒಂದೇ ಮಹಡಿಯಲ್ಲಿ ಹಳೆಯ ಬಾಡಿಗೆದಾರನೊಬ್ಬ ಅತ್ಯಲ್ಪ ಬಾಡಿಗೆಯನ್ನೂ, ಹೊಸಬನೊಬ್ಬ ಅದರ ಎಷ್ಟೋ ಪಟ್ಟನ್ನೂ ಕೊಡುವುದುಂಟು. ಮುಂಬಯಿಯಲ್ಲಿ ನಲವತ್ತು ವರ್ಷದಿಂದ ಇರುವ ಸೋದರಮಾವನು “ಮನೆಗೆ ಹೆಚ್ಚೇನೂ ಖರ್ಚಿಲ್ಲ” ಎಂದರೆ ಅವನು ಸುಳ್ಳಾಡುತ್ತಿಲ್ಲ. ಆದರೆ ಆ ಮಾತು ಅಳಿಯನಿಗೆ ಅನ್ವಯಿಸದು.

ಹೋಲಿಕೆಯಲ್ಲಿ ಜನ ಎಡವುವ ಇನ್ನೊಂದು ಸ್ಥಳವಿದೆ. ಬೆಲೆಯ ಮಟ್ಟ ಬೇರೆ, ಬೆಲೆಯ ಏರಿಕೆ ಬೇರೆ. ಭಾರತೀಯ ರಿಜರ್ವ್ ಬ್ಯಾಂಕು 2010-11ನ್ನು ನೂರು ಎಂದು ಹಿಡಿದು ಹಲವು ವರ್ಷ ಸಿದ್ಧಪಡಿಸಿದ ಮನೆಬೆಲೆಯ ಸೂಚ್ಯಂಕದಲ್ಲಿ ಮುಂಬಯಿ, ದಿಲ್ಲಿ, ಚೆನ್ನೈ, ಕೋಲ್ಕತ್ತ, ಬೆಂಗಳೂರು, ಲಖನೌ, ಅಹಮದಾಬಾದ, ಜಯಪುರ, ಕಾನಪುರ, ಕೊಚ್ಚಿ ಎಂಬ ಹತ್ತು ನಗರಗಳಿದ್ದವು. ಅಖಿಲ ಭಾರತದ ಸೂಚ್ಯಂಕವೆಂದರೆ ಈ ಹತ್ತರದೇ ಸರಾಸರಿ. ಸೊಲ್ಲಾಪುರವಾಗಲಿ ಕಲಬುರ್ಗಿಯಾಗಲಿ ಅದರಲ್ಲಿ ಇರಲಿಲ್ಲ. ಅದಲ್ಲದೆ, ಸೂಚ್ಯಂಕವು ಕಾನಪುರದಲ್ಲಿಯೂ ಮುಂಬಯಿಯಲ್ಲಿಯೂ 200 ಎಂದು ತೋರಿಸಿದರೆ ಎರಡೂ ಕಡೆ ಮನೆಗೆ ಒಂದೇ ಬೆಲೆಯೆಂದು ಅರ್ಥವಲ್ಲ; ಎರಡೂ ಕಡೆ ತಮ್ಮ ತಮ್ಮ ಹಳೆಯ ಬೆಲೆ ಇಮ್ಮಡಿಯಾಗಿದೆಯೆಂದಷ್ಟೇ ಅರ್ಥ.

ನಮ್ಮ ಊರಿನದೇ ಉದಾಹರಣೆ ಇದೆ. ಮಹಾರಾಷ್ಟ್ರದಲ್ಲಿ ಮುದ್ರಾಂಕ ಶುಲ್ಕವನ್ನು ನಿಶ್ಚಯಿಸುವುದಕ್ಕಾಗಿ ಸರಕಾರವು ಜಾಗದ ಹಾಗೂ ಕಟ್ಟಡದ ದರಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ಇದನ್ನು ಜನ ರೆಡಿ ರೆಕನರ್ ಎನ್ನುತ್ತಾರೆ. ಕರ್ನಾಟಕದಲ್ಲಿ ಇದೇ ಬಗೆಯದಕ್ಕೆ ಮಾರ್ಗಸೂಚಿ ದರವೆಂದು ಹೆಸರು. 2025ರ ಏಪ್ರಿಲ್ ಒಂದರಿಂದ ಈ ದರಗಳನ್ನು ಏರಿಸಿದಾಗ ಇಡೀ ರಾಜ್ಯದ ಸರಾಸರಿ ಏರಿಕೆ ಶೇಕಡಾ ನಾಲ್ಕರ ಸುತ್ತಮುತ್ತ ಇತ್ತು. ಮುಂಬಯಿಯಲ್ಲಿ ಶೇಕಡಾ 3.39, ಸೊಲ್ಲಾಪುರ ಮಹಾನಗರಪಾಲಿಕೆಯ ಕ್ಷೇತ್ರದಲ್ಲಿ ಶೇಕಡಾ 10.17! ರಾಜ್ಯದಲ್ಲಿಯೇ ಅತಿ ಹೆಚ್ಚಿನ ಏರಿಕೆ ನಮ್ಮದು. ಇದನ್ನು ಓದಿ “ಸೊಲ್ಲಾಪುರ ಮುಂಬಯಿಗಿಂತ ತುಟ್ಟಿಯಾಯಿತು” ಎನ್ನುವವನು ಲೆಕ್ಕವನ್ನರಿಯದವನು. ಚದರ ಅಡಿಗೆ 3,000 ರೂಪಾಯಿಯ ಜಾಗದ ಬೆಲೆ ಶೇಕಡಾ 10.17 ಏರಿದರೆ ಹೆಚ್ಚುವುದು ಸುಮಾರು 305 ರೂಪಾಯಿ; 30,000 ರೂಪಾಯಿಯ ಜಾಗ ಶೇಕಡಾ 3.39 ಏರಿದರೆ ಹೆಚ್ಚುವುದು 1,017 ರೂಪಾಯಿ. ಈ ಎರಡು ಮೂಲಬೆಲೆಗಳನ್ನು ಲೆಕ್ಕ ತೋರಿಸಲೆಂದೇ ಇಟ್ಟುಕೊಂಡಿದ್ದೇನೆ. ಆದರೆ ಆ ಏರಿಕೆಯನ್ನು ಹಗುರಾಗಿಯೂ ಕಾಣಬಾರದು. ಮಗ್ಗದಲ್ಲಿ ದುಡಿಯುವವನ ಮಜೂರಿ ಅದೇ ವರ್ಷ ಶೇಕಡಾ ಹತ್ತು ಏರಿತೇ? ಏರದಿದ್ದರೆ ಅವನಿಗೆ ಮನೆಯು ಅಷ್ಟರಮಟ್ಟಿಗೆ ದೂರ ಸರಿಯಿತು. ಮನೆಯ ಬೆಲೆಯನ್ನು ದೇಶದ ಸರಾಸರಿಯೊಡನೆ ಹೋಲಿಸುವುದಕ್ಕಿಂತ ಆ ಊರಿನ ದುಡಿಮೆಯೊಡನೆ ಹೋಲಿಸುವುದೇ ನಿಜವಾದ ಹೋಲಿಕೆಯೆಂದು ನನ್ನ ದೃಢವಾದ ಅಭಿಪ್ರಾಯ.

ಈ ದೃಷ್ಟಿಯಿಂದ ನಮ್ಮ ನೆರೆಯ ಕುಂಭಾರಿಯನ್ನು ನೋಡಿರಿ. ಅಕ್ಕಲಕೋಟೆಯ ದಾರಿಯಲ್ಲಿ ಹೋಗುವವರೆಲ್ಲರೂ ಆ ವಸತಿಗಳನ್ನು ಬಲ್ಲರು. ಬೀಡಿ ಕಟ್ಟುವ ಹೆಣ್ಣುಮಕ್ಕಳು ಸಹಕಾರಿ ಸಂಘವನ್ನು ಕಟ್ಟಿಕೊಂಡು ಗೋದೂತಾಯಿ ಪರುಳೇಕರ ಅವರ ಹೆಸರಿನಲ್ಲಿ ಹತ್ತು ಸಾವಿರ ಮನೆಗಳನ್ನು ಪಡೆದರು. 2006ರಲ್ಲಿ ಅಂದಿನ ಪ್ರಧಾನಿ ಮನಮೋಹನ ಸಿಂಗರು ಅವನ್ನು ಅವರ ಕೈಗಿತ್ತರು. ತರುವಾಯ ಅಲ್ಲಿಯೇ ರಾಯನಗರವೆಂಬ ಮೂವತ್ತು ಸಾವಿರ ಮನೆಗಳ ಯೋಜನೆ ಹುಟ್ಟಿತು. 2019ರ ಜನವರಿಯಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಅದಕ್ಕೆ ಅಸ್ತಿಭಾರವಿಟ್ಟರು. 2024ರ ಜನವರಿ 19ರಂದು ಹದಿನೈದು ಸಾವಿರ ಮನೆಗಳ ಲೋಕಾರ್ಪಣೆಯಾಯಿತು. ನೇಕಾರರು, ಬೀಡಿ ಕಾರ್ಮಿಕರು, ಚಿಂದಿ ಆಯುವವರು, ಗಾಡಿ ನಡೆಸುವವರು, ಬೀದಿಯ ವ್ಯಾಪಾರಿಗಳು ಅದರ ಫಲಾನುಭವಿಗಳು. ಅಸ್ತಿಭಾರದ ಕಾಲದ ಅಂದಾಜು ವೆಚ್ಚ 1,811.33 ಕೋಟಿ ರೂಪಾಯಿ. ಅದರಲ್ಲಿ ಕೇಂದ್ರ ಮತ್ತು ರಾಜ್ಯ ಸರಕಾರಗಳ ನೆರವು 750 ಕೋಟಿ. ಮಕ್ಕಳೇ, ಭಾಗಿಸಿರಿ: ಒಂದು ಮನೆಗೆ ಸುಮಾರು 6 ಲಕ್ಷ 4 ಸಾವಿರ ರೂಪಾಯಿ ಬಿತ್ತು, ಸರಕಾರದ ನೆರವು ಎರಡೂವರೆ ಲಕ್ಷ, ಉಳಿದದ್ದು ಸುಮಾರು ಮೂರೂವರೆ ಲಕ್ಷ. ಒಂದು ಬಡಸಂಸಾರವು ಸಾಲ ಮಾಡಿಯಾದರೂ ತೀರಿಸಬಹುದಾದ ಮೊತ್ತಕ್ಕೆ ಅದನ್ನು ಇಳಿಸಲಾಯಿತು. ನೆಲವು ಊರ ಹೊರಗಿದ್ದುದರಿಂದಲೂ, ಸಾವಿರಾರು ಜನ ಒಂದುಗೂಡಿದ್ದರಿಂದಲೂ, ಸರಕಾರ ಕೈಗೂಡಿಸಿದ್ದರಿಂದಲೂ ಇದು ಸಾಧ್ಯವಾಯಿತು. ಊರ ಹೊರಗಿನ ಮನೆಗೆ ದಿನವೂ ಹೋಗಿಬರುವ ಖರ್ಚು, ನೀರು, ಶಾಲೆ, ದವಾಖಾನೆಗಳ ಪ್ರಶ್ನೆ ಬೆನ್ನಿಗಿರುತ್ತದೆ ಎಂಬುದು ನಿಜ. ಆದರೂ ಜನರ ಉಪಯೋಗಕ್ಕೆಂದು ಕೆರೆಯನ್ನು ಕಟ್ಟಿಸಿದ ಸಿದ್ಧರಾಮೇಶ್ವರರ ಸೊನ್ನಲಿಗೆಯಲ್ಲಿ ಕೂಡಿ ಕಟ್ಟುವ ಬುದ್ಧಿ ಇನ್ನೂ ಇದೆಯೆಂಬುದಕ್ಕೆ ಇದೊಂದು ಗುರುತು.

ಇನ್ನು ದೇಶದಲ್ಲಿ ಮನೆಗಳ ಕೊರತೆಯೆಂದರೆ ಏನೆಂಬುದನ್ನು ಒಂದು ಮಾತಿನಲ್ಲಿ ಹೇಳುತ್ತೇನೆ. 2012ರಲ್ಲಿ ಸರಕಾರದ ತಜ್ಞ ಸಮಿತಿಯೊಂದು ನಗರಗಳಲ್ಲಿ ಸುಮಾರು 1 ಕೋಟಿ 88 ಲಕ್ಷ ಮನೆಗಳ ಕೊರತೆಯಿದೆಯೆಂದು ಲೆಕ್ಕಹಾಕಿತು. ಅದರಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಪಾಲು ಬಡವರದು ಮತ್ತು ಕೆಳ ಆದಾಯದವರದು. ಬಯಲಲ್ಲಿ ಮಲಗುವವರ ಪಾಲು ಅದರಲ್ಲಿ ಅಲ್ಪ. ನೂರಕ್ಕೆ ಸುಮಾರು ಎಂಬತ್ತು ಪಾಲು ಇಕ್ಕಟ್ಟಾದ ಮನೆಯಲ್ಲಿ ತುರುಕಿಕೊಂಡಿರುವವರದು. ಅದೇ ಹೊತ್ತಿನಲ್ಲಿ, 2011ರ ಜನಗಣತಿಯಂತೆ, ನಗರಗಳಲ್ಲಿ ಒಂದು ಕೋಟಿಗೂ ಮಿಕ್ಕಿ ಮನೆಗಳು ಬೀಗ ಹಾಕಿಕೊಂಡು ಖಾಲಿ ಬಿದ್ದಿದ್ದವು! ಇದ್ದ ಮನೆಗೂ ಬೇಕಾದ ಮನುಷ್ಯನಿಗೂ ನಡುವೆ ಬೆಲೆಯು ಗೋಡೆಯಾಗಿ ನಿಂತಿತ್ತು. ಅದೇ ಗಣತಿಯಲ್ಲಿ ನಗರದ ನೂರು ಕುಟುಂಬಗಳಲ್ಲಿ ಸುಮಾರು 32 ಕುಟುಂಬಗಳು ಒಂದೇ ಕೋಣೆಯಲ್ಲಿ ಸಂಸಾರ ಮಾಡುತ್ತಿದ್ದವು. ಶಿಕ್ಷಕನಾದ ನನಗೆ ಈ ಅಂಕಿ ಎಲ್ಲಕ್ಕಿಂತ ಹೆಚ್ಚು ಮನಸ್ಸಿಗೆ ನಾಟುತ್ತದೆ. ಅಡಿಗೆ, ನಿದ್ರೆ, ಬಂಧುಗಳು, ರೋಗಿಗಳು ಎಲ್ಲಕ್ಕೂ ಒಂದೇ ಕೋಣೆ. ಅದರಲ್ಲಿಯೇ ಹುಡುಗಿಯೊಬ್ಬಳು ಪರೀಕ್ಷೆಗೆ ಓದಬೇಕು. ಬಾಡಿಗೆ ಹೆಚ್ಚಿದ ನಗರದಲ್ಲಿ ಸಂಸಾರವು ಮೊದಲು ಬಿಟ್ಟುಕೊಡುವುದು ಕೋಣೆಯನ್ನು. ಆ ಕೋಣೆಯೊಡನೆ ಮಕ್ಕಳ ಓದೂ ಹೋಗುತ್ತದೆ. ಅನೇಕ ವೇಳೆ ಅವರ ಕನ್ನಡ ಶಾಲೆಯೂ ಹೋಗುತ್ತದೆ.

ಹೀಗಿರಲು ಹೊರಡುವ ಮುನ್ನ ಪಾಲಕರು ಮಾಡತಕ್ಕ ಲೆಕ್ಕವೇನು? ಉದಾಹರಣೆಗಾಗಿ ಅಂಕಿಗಳನ್ನು ಕಲ್ಪಿಸಿ ಹೇಳುತ್ತೇನೆ. ಸ್ವಂತ ಮನೆಯಲ್ಲಿದ್ದುಕೊಂಡು ಸೊಲ್ಲಾಪುರದಲ್ಲಿ 18,000 ಗಳಿಸುವವನಿಗೆ ಪುಣೆಯಲ್ಲಿ 28,000 ಸಿಗುತ್ತದೆಯೆನ್ನೋಣ. ಹತ್ತು ಸಾವಿರದ ಲಾಭವೆಂದು ಮನೆಯವರು ಹಿಗ್ಗುತ್ತಾರೆ. ಎರಡು ಕೋಣೆಗೆ 9,000 ಬಾಡಿಗೆ, ಹೋಗಿಬರುವುದಕ್ಕೆ 1,500. ಉಳಿಯುವುದು 17,500. ಲಾಭವೆಲ್ಲಿ ಹೋಯಿತು? ಸೊಲ್ಲಾಪುರದ ಮನೆಯನ್ನು 4,000ಕ್ಕೆ ಬಾಡಿಗೆಗೆ ಕೊಟ್ಟರೆ ಉಳಿಕೆ 21,500 ಆಗುತ್ತದೆ. ಆಗ ಹೋಗುವುದರಲ್ಲಿ ಅರ್ಥವುಂಟು. ನಾಲ್ಕು ವರ್ಷದಲ್ಲಿ ಸಂಬಳ ಏರುವ ಭರವಸೆಯಿದ್ದರೆ ಇನ್ನೂ ಅರ್ಥವುಂಟು. ಒಬ್ಬನೇ ಹೋಗಿ ಗೆಳೆಯರೊಡನೆ ಕೋಣೆಯನ್ನು ಹಂಚಿಕೊಂಡರೆ ಲೆಕ್ಕ ಬೇರೆ. ಹೆಂಡತಿ ಮಕ್ಕಳೊಡನೆ ಹೋದರೆ ಬೇರೆ. ಒಟ್ಟಿನಲ್ಲಿ ಸಂಬಳವನ್ನು ಸಂಬಳದೊಡನೆ ಹೋಲಿಸಬಾರದು. ಬಾಡಿಗೆ ಕಳೆದು ಉಳಿದುದನ್ನು ಉಳಿದುದರೊಡನೆ ಹೋಲಿಸಬೇಕು.

ಠೇವಣಿಯನ್ನೂ ಮರೆಯಬಾರದು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. 2021ರ ಮಾದರಿ ಬಾಡಿಗೆ ಕಾಯಿದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯನ್ನು ಮೀರದ ಠೇವಣಿಯೆಂದು ಹೇಳಿದೆ. ಆದರೆ ಅದು ರಾಜ್ಯಗಳ ಮುಂದಿಟ್ಟ ಮಾದರಿ, ರಾಜ್ಯವು ಅಂಗೀಕರಿಸಿದಲ್ಲಿ ಮಾತ್ರ ಅದಕ್ಕೆ ಬಲ. ಕರಾರುಪತ್ರವನ್ನು ಬರೆಯಿಸದೆ ಹಣ ಕೊಡಬೇಡಿರಿ.

ಇಲ್ಲಿಯ ಮನೆಯನ್ನು ಮಾರಿ ಅಲ್ಲಿ ಸಾಲದಿಂದ ಮನೆ ಕೊಳ್ಳುವವರು ಇನ್ನೂ ಎಚ್ಚರದಿಂದಿರಬೇಕು. 20 ಲಕ್ಷ ರೂಪಾಯಿ ಸಾಲವನ್ನು ಶೇಕಡಾ 9ರ ಬಡ್ಡಿಯಂತೆ 20 ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 18,000 ರೂಪಾಯಿ. 240 ಕಂತುಗಳಲ್ಲಿ ಕೊಟ್ಟದ್ದು 43 ಲಕ್ಷಕ್ಕೂ ಮಿಕ್ಕುತ್ತದೆ. ಅಸಲಿಗಿಂತ ಬಡ್ಡಿಯೇ ಹೆಚ್ಚು. ಇಪ್ಪತ್ತು ವರ್ಷ ಕೆಲಸವೂ ಆರೋಗ್ಯವೂ ತಪ್ಪದೆ ನಡೆಯುವುದೆಂಬ ನಂಬಿಕೆಯ ಮೇಲೆ ಆ ಕಂತು ನಿಂತಿದೆ. ಊರಿನ ಮನೆಯನ್ನು ಒಮ್ಮೆ ಮಾರಿದರೆ, 2025ರಲ್ಲಿ ಶೇಕಡಾ ಹತ್ತರಷ್ಟು ದರ ಏರಿದ ಊರಿನಲ್ಲಿ ಅದನ್ನು ಮತ್ತೆ ಕೊಳ್ಳುವುದು ಸುಲಭವಲ್ಲ. ಅದನ್ನು ಉಳಿಸಿಕೊಂಡು, ಎರಡು ಮೂರು ವರ್ಷ ಅಲ್ಲಿ ಬಾಡಿಗೆಗಿದ್ದು ನೋಡಿ, ಆಮೇಲೆ ನಿರ್ಧರಿಸುವುದು ಜಾಣತನವೆಂದು ನನ್ನ ಸಲಹೆ.

ವಿದ್ಯಾರ್ಥಿಗಳೇ, ನಿಮಗೊಂದು ಕೆಲಸವನ್ನು ಕೊಡುತ್ತೇನೆ. ದೀಪಾವಳಿಯ ರಜೆಯಲ್ಲಿ ನಿಮ್ಮ ನಿಮ್ಮ ಓಣಿಯ ಇಪ್ಪತ್ತು ಮನೆಗಳ ವಿವರವನ್ನು ಬರೆದು ತರಿರಿ. ಸ್ವಂತದ್ದೋ ಬಾಡಿಗೆಯದ್ದೋ, ಕೋಣೆಗಳೆಷ್ಟು, ಜನರೆಷ್ಟು, ಬಾಡಿಗೆಯೆಷ್ಟು ಎಂದಷ್ಟೇ ಇರಲಿ. ಯಾರ ಹೆಸರನ್ನೂ ಬರೆಯಬೇಡಿರಿ, ಹೇಳಲು ಮನಸ್ಸಿಲ್ಲದವರನ್ನು ಒತ್ತಾಯಿಸಬೇಡಿರಿ. ಒಂಬತ್ತನೆಯ ತರಗತಿಯವರು ಸರಾಸರಿಯನ್ನೂ ಮಧ್ಯಾಂಕವನ್ನೂ ಕಂಡುಹಿಡಿಯಲಿ. ಬಾಡಿಗೆ ಕೊಡುವವರದನ್ನೇ ಬೇರೆಯಾಗಿ ಎಣಿಸಿದರೆ ಏನಾಗುತ್ತದೆ, ಎಲ್ಲರನ್ನೂ ಸೇರಿಸಿದರೆ ಏನಾಗುತ್ತದೆ ಎಂಬುದನ್ನು ಪಕ್ಕಪಕ್ಕದಲ್ಲಿಟ್ಟು ನೋಡಿರಿ. ಎಲ್ಲ ಓಣಿಗಳ ಲೆಕ್ಕವನ್ನು ಕೂಡಿಸಿದರೆ, ದಿಲ್ಲಿಯ ಪುಸ್ತಕಗಳಲ್ಲಿ ಸಿಕ್ಕದ ನಮ್ಮೂರಿನ ಅಂಕಿ ನಮ್ಮ ಕೈಯಲ್ಲಿರುತ್ತದೆ. ಅಂಕಿಯನ್ನು ನೋಡಿದೊಡನೆ “ಇದು ಯಾರ ಸರಾಸರಿ? ಯಾರನ್ನು ಸೇರಿಸಿದ್ದಾರೆ? ಯಾರನ್ನು ಬಿಟ್ಟಿದ್ದಾರೆ?” ಎಂದು ಕೇಳುವ ಅಭ್ಯಾಸವನ್ನು ಬೆಳೆಸಿಕೊಂಡವನನ್ನು ಮುಂದೆ ಯಾವ ದಲಾಲನೂ ಸುಲಭವಾಗಿ ಮೋಸಗೊಳಿಸಲಾರನು.

ಪಾಲಕ ಬಂಧುಗಳೇ, ದೇಶದ ಸರಾಸರಿಯು ದೇಶವನ್ನು ಆಳುವವರಿಗೆ ಬೇಕಾದ ಅಂಕಿ. ಅದನ್ನು ತಿಳಿದಿರುವುದು ಒಳ್ಳೆಯದು. ಆದರೆ ಅದನ್ನು ನಂಬಿ ಸಂಸಾರವನ್ನು ಕಟ್ಟಲಾಗದು. ನಿಮ್ಮ ದುಡಿಮೆ, ನಿಮ್ಮ ಜನ, ನಿಮ್ಮ ಮಕ್ಕಳ ಓದು ಇವುಗಳನ್ನು ಮುಂದಿಟ್ಟುಕೊಂಡು ನಿಮ್ಮ ಲೆಕ್ಕವನ್ನು ನೀವೇ ಮಾಡಿರಿ. ಲೆಕ್ಕ ಬರೆಯಲು ಬಾರದವರು ಸಂಕೋಚಪಡದೆ ಶಾಲೆಗೆ ಬರಬೇಕು. ಶನಿವಾರ ಶಾಲೆ ಬಿಟ್ಟ ಮೇಲೆ ನಾನೂ ನಮ್ಮ ಗಣಿತದ ಗುರುಗಳೂ ನಿಮ್ಮೊಡನೆ ಕುಳಿತು ಅದನ್ನು ಬಿಡಿಸಿಕೊಡಲು ಸಿದ್ಧರಿದ್ದೇವೆ. ಹೋಗುವವರು ಲೆಕ್ಕವನ್ನು ತಿಳಿದು ಹೋಗಲಿ, ಇರುವವರು ಬೆಲೆಯನ್ನು ತಿಳಿದು ಇರಲಿ.



— ಮುಖ್ಯಾಧ್ಯಾಪಕರು, ಬಿ.ಎ., ಬಿ.ಟಿ.